ಕಿಟಕಿಯಾಚೆಯ ರೇಡಾನ್‌ಗೂ ಲೆಕ್ಕ ಬೇಕು

ಮನೆಯೊಳಗೆ ರೇಡಾನ್ ಅನಿಲ ಸೇರಿಕೊಂಡಿದೆ, ಏನು ಮಾಡೋಣ ಎಂದು ಯಾವ ತಜ್ಞರನ್ನು ಕೇಳಿದರೂ ಮೊದಲು ಬರುವ ಸಲಹೆ ಒಂದೇ: ಕಿಟಕಿ ತೆರೆದಿಡಿ, ಗಾಳಿಯಾಡಲಿ. ಒಳಗಿನದು ಕೆಟ್ಟ ಗಾಳಿ, ಹೊರಗಿನದು ಒಳ್ಳೆಯ ಗಾಳಿ ಎಂಬ ನಂಬಿಕೆ ಈ ಸಲಹೆಯ ಬೆನ್ನಿಗಿದೆ. 1988ರಲ್ಲಿ ಅಮೆರಿಕದ ಸಂಸತ್ತು ಈ ನಂಬಿಕೆಯನ್ನೇ ಕಾನೂನಿನಲ್ಲಿ ಬರೆಯಿತು. ಕಟ್ಟಡಗಳ ಒಳಗಿನ ರೇಡಾನ್ ಪ್ರಮಾಣ ಹೊರಗಿನ ಬಯಲ ಗಾಳಿಯ ಮಟ್ಟಕ್ಕೆ ಇಳಿಯಬೇಕು ಎಂಬುದು ಆ ಕಾಯ್ದೆ ಇಟ್ಟುಕೊಂಡ ದೀರ್ಘಕಾಲದ ಗುರಿ.

ಹಾಗಾದರೆ ಬಯಲ ಗಾಳಿಯ ಮಟ್ಟ ಎಷ್ಟು?

ಅಮೆರಿಕದ ಮಟ್ಟಿಗೆ ಸರಾಸರಿ ಉತ್ತರ ಸಿದ್ಧವಿತ್ತು: ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 15 ಬೆಕೆರೆಲ್. ಬೆಕೆರೆಲ್ ಎಂದರೆ ಒಂದು ಸೆಕೆಂಡಿಗೆ ಒಂದು ಪರಮಾಣು ಸಿಡಿಯುವ ಲೆಕ್ಕ. ಮನೆಯೊಳಗಿನ ರಾಷ್ಟ್ರೀಯ ಸರಾಸರಿ 48ರ ಆಸುಪಾಸು. ಆದರೆ ವಿಜ್ಞಾನಿಗಳಾದ ಡೇನಿಯಲ್ ಸ್ಟೆಕ್, ವಿಲಿಯಂ ಫೀಲ್ಡ್ ಮತ್ತು ಸಂಗಡಿಗರು ಅಯೋವಾ, ಮಿನೆಸೋಟಾ ರಾಜ್ಯಗಳ ಬಯಲುಗಳಲ್ಲಿ ಅಳತೆಯ ಸಾಧನಗಳನ್ನು ಇಟ್ಟು ನೋಡಿದಾಗ ಈ ಸರಾಸರಿ ನೆಲಕಚ್ಚಿತು. 1999ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಆ ಸೀಮೆಯ ಕೆಲವು ಕಡೆ ಹೊರಗಿನ ಗಾಳಿಯ ರೇಡಾನೇ ದೇಶದ ಮನೆಗಳೊಳಗಿನ ಸರಾಸರಿಯನ್ನು ಮೀರಿಸಿತ್ತು. ಅಲ್ಲಿ ಕಿಟಕಿ ತೆರೆದರೆ ಒಳಬರುವ ಗಾಳಿಯೂ ರೇಡಾನ್ ಹೊತ್ತೇ ಬರುತ್ತದೆ.

ಕಾರಣ ನೆಲದಲ್ಲೇ ಇತ್ತು. ಹಿಮಯುಗದ ಹಿಮನದಿಗಳು ಉತ್ತರದ ಬಂಡೆಗಳನ್ನು ಅರೆದು ನುಣ್ಣಗೆ ಮಾಡಿ ಆ ಪ್ರದೇಶದ ಉದ್ದಗಲಕ್ಕೂ ಹರಡಿ ಹೋಗಿವೆ. ಇಡೀ ಬಂಡೆಯ ಹೊಟ್ಟೆಯಲ್ಲಿ ಹುಟ್ಟಿದ ರೇಡಾನ್ ಬಹುಪಾಲು ಅಲ್ಲೇ ಸಿಕ್ಕಿಬಿದ್ದು ಕರಗಿಹೋಗುತ್ತದೆ. ಪುಡಿಯಾದ ಕಲ್ಲಿನಲ್ಲಿ ಅದಕ್ಕೆ ಹೊರದಾರಿ ಸುಲಭ. ಜೋಳದ ಹೊಲಗಳ ಮೇಲೆ ಬೀಸುವ ಗಾಳಿಯನ್ನು ಯಾರೂ ಅನುಮಾನಿಸಿರಲಿಲ್ಲ, ಏಕೆಂದರೆ ಅಷ್ಟು ಕಡೆ, ಅಷ್ಟು ಕಾಲ ಯಾರೂ ಅಳೆದಿರಲಿಲ್ಲ.

ರೇಡಾನ್ ಯುರೇನಿಯಂನ ವಂಶದ್ದು. ಕಲ್ಲು ಮಣ್ಣುಗಳಲ್ಲೆಲ್ಲ ಎಳ್ಳಷ್ಟಾದರೂ ಇರುವ ಯುರೇನಿಯಂ ಕೋಟ್ಯಂತರ ವರ್ಷಗಳಲ್ಲಿ ನಿಧಾನವಾಗಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಈ ಸಾಲಿನಲ್ಲಿ ಅನಿಲರೂಪಿ ಅದೊಂದೇ. ಬಣ್ಣವಿಲ್ಲ, ವಾಸನೆಯಿಲ್ಲ, ಬೇರೆ ವಸ್ತುಗಳೊಂದಿಗೆ ಬೆರೆಯುವ ಗುಣವೂ ಇಲ್ಲ. ಹಾಗಾಗಿ ಮಣ್ಣಿನ ಸಂದುಗಳಿಂದ ಜಾರಿ ಮೇಲೆ ಬರುತ್ತದೆ. ಅರ್ಧಾಯುಷ್ಯ 3.8 ದಿನ, ಅಷ್ಟರೊಳಗೆ ಗಾಳಿಯೊಂದಿಗೆ ಊರೂರು ತಿರುಗಬಲ್ಲದು. ಅಪಾಯ ಇರುವುದು ಹೆಚ್ಚಾಗಿ ಅದರ ಮಕ್ಕಳಲ್ಲಿ. ರೇಡಾನ್ ಒಡೆದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳ ಕಣಗಳು ಧೂಳಿಗೆ ಅಂಟಿಕೊಂಡು ಶ್ವಾಸನಾಳಕ್ಕೆ ಇಳಿದು, ಅಲ್ಲೇ ಕೂತು ಆಲ್ಫಾ ಕಣಗಳನ್ನು ಸಿಡಿಸುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಪಿಡಿಯ ಅಂದಾಜಿನಲ್ಲಿ, ಬೇರೆ ಬೇರೆ ದೇಶಗಳಲ್ಲಿ ಶ್ವಾಸಕೋಶ ಕ್ಯಾನ್ಸರಿನ ಶೇ 3ರಿಂದ 14ರಷ್ಟು ಪ್ರಕರಣಗಳಿಗೆ ರೇಡಾನ್ ಕಾರಣ. ಧೂಮಪಾನದ ನಂತರದ ಸ್ಥಾನ ಅದಕ್ಕಿದೆ, ಬೀಡಿ ಸಿಗರೇಟು ಸೇದುವವರಲ್ಲಿ ಅದರ ಹೊಡೆತ ಹಲವು ಪಟ್ಟು ಹೆಚ್ಚು. ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆ, ಮನೆಯೊಳಗಿನ ರೇಡಾನ್ ಘನ ಮೀಟರಿಗೆ 100 ಬೆಕೆರೆಲ್ ಏರಿದರೆ ಅಪಾಯ ಶೇ 16ರಷ್ಟು ಏರುತ್ತದೆ ಎಂದು ತೋರಿಸಿತು.

ಈ ಲೆಕ್ಕಗಳೆಲ್ಲ ಮನೆಯೊಳಗಿನವು. ವಿಚಿತ್ರವೆಂದರೆ ವಿಜ್ಞಾನಿಗಳು ಮೊದಲು ಕೈಹಾಕಿದ್ದು ಹೊರಗಿನ ಗಾಳಿಗೆ. 1901ರಲ್ಲಿ ಜರ್ಮನಿಯ ಯೂಲಿಯಸ್ ಎಲ್‌ಸ್ಟರ್ ಮತ್ತು ಹಾನ್ಸ್ ಗೈಟೆಲ್ ಬಯಲಲ್ಲಿ ಉದ್ದನೆಯ ತಂತಿಯೊಂದನ್ನು ಕಟ್ಟಿ, ಅದಕ್ಕೆ ಋಣ ವಿದ್ಯುತ್ತು ಹಾಯಿಸಿ, ಗಂಟೆಗಳ ನಂತರ ಇಳಿಸಿ ಪರೀಕ್ಷಿಸಿದರು. ಬರಿಯ ಗಾಳಿಗೆ ಒಡ್ಡಿದ್ದ ತಂತಿ ವಿಕಿರಣ ಸೂಸುತ್ತಿತ್ತು. ಮರುವರ್ಷ ಸಿ.ಟಿ.ಆರ್. ವಿಲ್ಸನ್ ಆಗಷ್ಟೇ ಸುರಿದ ಮಳೆನೀರನ್ನು ಕಾಯಿಸಿ ಇಂಗಿಸಿ, ಪಾತ್ರೆಯ ತಳದಲ್ಲಿ ಉಳಿದದ್ದೂ ವಿಕಿರಣಶೀಲ ಎಂದು ಕಂಡುಕೊಂಡರು. ಅರ್ಧ ಗಂಟೆಯಲ್ಲಿ ಅದರ ಕಸುವು ಅರ್ಧಕ್ಕಿಳಿಯುತ್ತಿತ್ತು. ಮಳೆ ತೊಳೆದು ತಂದದ್ದು ರೇಡಾನಿನ ಮಕ್ಕಳನ್ನು.

ಆಮೇಲೆ ಗಮನ ಗಣಿಗಳತ್ತ ತಿರುಗಿತು, ಅಲ್ಲಿಂದ ಮನೆಗಳತ್ತ. ಸ್ವೀಡನ್ನಿನ ಮನೆಗಳನ್ನು ಬೆಂಗ್ಟ್ ಹುಲ್ಟ್‌ಕ್ವಿಸ್ಟ್ ಅಳೆದದ್ದು 1950ರ ದಶಕದಲ್ಲಿ. ಜಗತ್ತು ಬೆಚ್ಚಿದ್ದು ಮಾತ್ರ 1984ರ ಡಿಸೆಂಬರಿನಲ್ಲಿ. ಪೆನ್ಸಿಲ್ವೇನಿಯಾದ ಲಿಮರಿಕ್ ಅಣು ವಿದ್ಯುತ್ ಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಬಾಗಿಲು ದಾಟಿದಾಗಲೆಲ್ಲ ವಿಕಿರಣದ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು. ಸ್ಥಾವರವನ್ನೆಲ್ಲ ಜಾಲಾಡಿದ ಮೇಲೆ ತಿಳಿದದ್ದು, ಅವರು ವಿಕಿರಣವನ್ನು ಮೈಮೇಲೆ ಹೊತ್ತು ತರುತ್ತಿದ್ದುದು ಸ್ವಂತ ಮನೆಯಿಂದ. ಆ ಮನೆಯ ರೇಡಾನ್ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್. ಅಂದಿನಿಂದ ಹಣ, ಸಾಧನ, ಕಾನೂನು ಎಲ್ಲವೂ ನಾಲ್ಕು ಗೋಡೆಗಳ ಒಳಗಿನ ಗಾಳಿಗೆ ಮೀಸಲಾದವು. ಅದು ಸರಿಯಾದ ಆದ್ಯತೆಯೇ. ಹೊರಗಿನದನ್ನು ಮರೆತದ್ದು ಮಾತ್ರ ಸರಿಯಲ್ಲ.

ಹೊರಗಿನ ರೇಡಾನಿನಿಂದ ಆಗುವ ಅಪಾಯ ದೊಡ್ಡದೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬಹುತೇಕ ಕಡೆ ಇಲ್ಲ. ವಿಕಿರಣದ ಪರಿಣಾಮಗಳನ್ನು ಅಧ್ಯಯನ ಮಾಡುವ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಜಗತ್ತಿನ ಸರಾಸರಿಯನ್ನು ಮನೆಯೊಳಗೆ 40, ಹೊರಗೆ 10 ಬೆಕೆರೆಲ್ ಎಂದು ಇಟ್ಟುಕೊಂಡಿದೆ. ಮನುಷ್ಯ ದಿನದ ಐದರಲ್ಲಿ ಒಂದು ಪಾಲನ್ನು ಹೊರಗೆ ಕಳೆಯುತ್ತಾನೆ ಎಂಬ ಅಂದಾಜಿನಲ್ಲಿ, ಹೊರಗಿನ ರೇಡಾನಿನಿಂದ ವರ್ಷಕ್ಕೆ ಸಿಗುವ ವಿಕಿರಣ 0.1 ಮಿಲಿಸೀವರ್ಟಿಗಿಂತ (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ ಇದು) ತುಸು ಕಡಿಮೆ. ನೆಲ, ಆಕಾಶ, ಆಹಾರ, ಗಾಳಿ ಎಲ್ಲ ಸೇರಿ ನಿಸರ್ಗದಿಂದ ಒಬ್ಬರಿಗೆ ಸಿಗುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಅದರ ಮುಂದೆ ಇದು ಚಿಲ್ಲರೆ.

ಆದರೆ ಐದರಲ್ಲಿ ಒಂದು ಪಾಲು ಎಂಬ ಅಂದಾಜು ಯಾರ ಬದುಕಿನದು? ಚಳಿನಾಡಿನ ಕಚೇರಿ ನೌಕರರಿಗೆ ಅದು ಹೊಂದೀತು. ಕುರಿಮಂದೆಯೊಂದಿಗೆ ಊರಿಂದೂರಿಗೆ ನಡೆದು, ರಾತ್ರಿ ಹೊಲದಲ್ಲೇ ಮಂದೆ ನಿಲ್ಲಿಸಿ ಬರಿನೆಲದ ಮೇಲೆ ಕಂಬಳಿ ಹಾಸಿ ಮಲಗುವ ಕುರಿಗಾಹಿಗೆ ಅದು ಹೊಂದದು. ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುವವರು, ಕಣ ಕಾಯುವ ರೈತರು, ರಸ್ತೆ ಬದಿಯ ಕೂಲಿಕಾರರು, ನಸುಕಿನಲ್ಲಿ ಕಸ ಗುಡಿಸುವ ಪೌರಕಾರ್ಮಿಕರು ಇವರೆಲ್ಲ ದಿನದ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಬಯಲಲ್ಲೇ ಕಳೆಯುತ್ತಾರೆ. ಅದರಲ್ಲೂ ನಸುಕಿನ ಹೊತ್ತು ಮುಖ್ಯ. ರಾತ್ರಿ ನೆಲ ತಣಿದಂತೆ ನೆಲಕ್ಕಂಟಿದ ತಂಪು ಗಾಳಿ ಮೇಲೇರದೆ ಅಲ್ಲೇ ನಿಲ್ಲುತ್ತದೆ, ಮಣ್ಣಿನಿಂದ ಬಂದ ರೇಡಾನ್ ಆ ಪದರದಲ್ಲಿ ಸೇರುತ್ತ ಹೋಗುತ್ತದೆ. ಸೂರ್ಯ ಏರಿ ನೆಲ ಕಾದ ಮೇಲೆಯೇ ಗಾಳಿ ಕಲಕಿ ಅದು ಚದುರುವುದು.

ಈ ದಿನಚರಿಯನ್ನು ತಿಳಿಯಲು ಅಯೋವಾಗೆ ಹೋಗಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಭೌತವಿಜ್ಞಾನಿಗಳು ದಶಕಗಳಿಂದ ನೆಲಮಟ್ಟದ ಗಾಳಿಯ ರೇಡಾನನ್ನು ಅಳೆಯುತ್ತ ಬಂದಿದ್ದಾರೆ. ಬೆಳಗಿನ ಜಾವ ಅದು ತುದಿ ಮುಟ್ಟಿ ಮಧ್ಯಾಹ್ನ ತಳಕ್ಕಿಳಿಯುವುದನ್ನು, ಅದರೊಂದಿಗೆ ಗಾಳಿಯ ವಿದ್ಯುತ್ ವಾಹಕತೆಯೂ ಏರಿಳಿಯುವುದನ್ನು ಅವರು ದಾಖಲಿಸಿದ್ದಾರೆ.

ಋತುವಿನ ಏರಿಳಿತ ಇನ್ನೂ ದೊಡ್ಡದು. ಸಮುದ್ರದ ಮೇಲ್ಮೈ ನೆಲದ ಹೋಲಿಕೆಯಲ್ಲಿ ಬಹಳ ಬಹಳ ಕಡಿಮೆ ರೇಡಾನ್ ಬಿಡುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಮೇಲಿಂದ ಬೀಸುವ ಗಾಳಿಯಲ್ಲಿ ರೇಡಾನ್ ತೀರ ತೆಳು. ನೆನೆದ ಮಣ್ಣಿನ ಸಂದುಗಳಲ್ಲಿ ನೀರು ನಿಂತು ಒಳಗಿನದೂ ಹೊರಬರಲಾಗದೆ ಉಳಿಯುತ್ತದೆ. ಚಳಿಗಾಲದಲ್ಲಿ ಗಾಳಿ ಒಳನಾಡಿನ ಒಣನೆಲದ ಮೇಲಿಂದ ಬರುತ್ತದೆ, ರಾತ್ರಿಗಳು ದೀರ್ಘ, ರೇಡಾನ್ ಏರುತ್ತದೆ. ಜುಲೈ ಮಧ್ಯಾಹ್ನ ಒಮ್ಮೆ ಅಳೆದು ‘ಇಲ್ಲಿ ಏನೂ ಇಲ್ಲ’ ಎನ್ನುವುದೂ ತಪ್ಪು, ಜನವರಿಯ ಒಂದು ನಸುಕಿನ ಅಂಕಿ ಹಿಡಿದು ಗಾಬರಿ ಹುಟ್ಟಿಸುವುದೂ ತಪ್ಪು. ವರ್ಷವಿಡೀ ಅಳೆದರೆ ಮಾತ್ರ ಅಳೆದಂತೆ.

ಹೊರಗೆ ಅಳೆಯುವುದು ಒಳಗೆ ಅಳೆಯುವುದಕ್ಕಿಂತ ಕಷ್ಟ. ಘನ ಮೀಟರಿಗೆ 10 ಬೆಕೆರೆಲ್ ಎಂದರೆ ಅಷ್ಟು ಗಾಳಿಯಲ್ಲಿ ರೇಡಾನಿನ ಸುಮಾರು 48 ಲಕ್ಷ ಪರಮಾಣುಗಳು. ಕೇಳಲು ದೊಡ್ಡ ಸಂಖ್ಯೆ. ಅದೇ ಗಾಳಿಯಲ್ಲಿರುವ ಒಟ್ಟು ಅಣುಗಳನ್ನು ಬರೆಯಲು 25ರ ಮುಂದೆ 24 ಸೊನ್ನೆ ಹಾಕಬೇಕು. ಯಾವ ರಾಸಾಯನಿಕ ಪರೀಕ್ಷೆಗೂ ಸಿಗದಷ್ಟು ವಿರಳವಾದ ಈ ಅನಿಲ ಸಿಕ್ಕಿಬೀಳುವುದು ಸಿಡಿದಾಗ ಮಾತ್ರ.

ಆ ಸಿಡಿತವನ್ನು ಹಿಡಿಯುವ ಅತಿ ಸರಳ ಸಾಧನ ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಎಲ್‌ಆರ್-115 ಅಥವಾ ಸಿಆರ್-39 ಎಂಬ ಹಾಳೆಯ ತುಣುಕು. ಆಲ್ಫಾ ಕಣ ತಾಗಿದಲ್ಲಿ ಹಾಳೆಗೆ ಕಣ್ಣಿಗೆ ಕಾಣದ ಗಾಯವಾಗುತ್ತದೆ. ಮೂರು ತಿಂಗಳ ನಂತರ ಹಾಳೆಯನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಗಾಯಗಳು ಅಗಲವಾಗಿ ಸೂಕ್ಷ್ಮದರ್ಶಕಕ್ಕೆ ಕಾಣುವ ರಂಧ್ರಗಳಾಗುತ್ತವೆ, ಅವನ್ನು ಎಣಿಸಿದರಾಯಿತು. ವಿದ್ಯುತ್ತು ಬೇಡ, ಕಾವಲು ಬೇಡ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಎರಡು ಗೂಡುಗಳ ಡಬ್ಬಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಮೊದಲ ಗೂಡಿನಿಂದ ಎರಡನೆಯದಕ್ಕೆ ಸೂಜಿಮೊನೆಯ ಕಿಂಡಿಗಳಷ್ಟೇ ದಾರಿ. ಥೋರಿಯಂನಿಂದ ಹುಟ್ಟುವ ಸೋದರ ಅನಿಲ ಥೋರಾನಿನ ಅರ್ಧಾಯುಷ್ಯ ಕೇವಲ 56 ಸೆಕೆಂಡು. ಕಿಂಡಿ ದಾಟುವಷ್ಟರಲ್ಲಿ ಬಹುಪಾಲು ಥೋರಾನ್ ಮುಗಿದಿರುತ್ತದೆ, ಎರಡನೇ ಗೂಡು ತಲುಪುವುದು ರೇಡಾನ್ ಮಾತ್ರ. ಎರಡರ ಲೆಕ್ಕವೂ ಬೇರೆ ಬೇರೆಯಾಗಿ ಸಿಗುತ್ತದೆ.

ಹೊರಗೆ ಪ್ರಮಾಣ ಕಡಿಮೆಯಾದ್ದರಿಂದ ಮೂರು ತಿಂಗಳಿಗೂ ಬೀಳುವ ಗುರುತುಗಳು ಕೆಲವೇ. ಬಿಸಿಲು, ಮಳೆ, ಇಬ್ಬನಿ, ಜೇಡ, ಇರುವೆ ಎಲ್ಲದರಿಂದ ಡಬ್ಬಿಯನ್ನು ಕಾಪಾಡಬೇಕು. ನೆಲದಿಂದ ಎಷ್ಟು ಎತ್ತರದಲ್ಲಿ ತೂಗುಹಾಕಬೇಕು ಎಂಬುದರಲ್ಲಿ ಎಲ್ಲ ಕಡೆ ಒಂದೇ ಶಿಸ್ತು ಇರಬೇಕು. ಆದರೂ ಇದೆಲ್ಲ ಆಗದ ಕೆಲಸವೇನಲ್ಲ. ಜಪಾನ್ ತನ್ನ 47 ಪ್ರಾಂತಗಳಲ್ಲೂ ಹೊರಗಿನ ರೇಡಾನ್ ಅಳೆದು, ಸರಾಸರಿ 6 ಬೆಕೆರೆಲ್ಲಿನ ಆಸುಪಾಸಿನಲ್ಲಿದೆ ಎಂದು ದಾಖಲಿಸಿಟ್ಟುಕೊಂಡಿದೆ. ದ್ವೀಪರಾಷ್ಟ್ರಕ್ಕೆ ತಕ್ಕ ಅಂಕಿ ಅದು.

ಹೊರಗಿನ ಗಾಳಿಯನ್ನು ಶೋಧಿಸಲಾಗದು, ತಡೆಯಲಾಗದು, ಅಳೆದು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಇದೆ. ಅಯೋವಾದಲ್ಲಿ ಫೀಲ್ಡ್ ತಂಡ, ಒಂದೇ ಮನೆಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಮಹಿಳೆಯರನ್ನು ಅಧ್ಯಯನ ಮಾಡಿತು. ಶ್ವಾಸಕೋಶ ಕ್ಯಾನ್ಸರಿಗೆ ತುತ್ತಾದ 413 ಮಂದಿ, ಹೋಲಿಕೆಗೆ 614 ಮಂದಿ. ಮನೆಯ ಕೋಣೆ ಕೋಣೆಯ ರೇಡಾನ್ ಜೊತೆಗೆ ಅವರು ಹೊರಗೆ ಕಳೆದ ಹೊತ್ತು, ಅಲ್ಲಿನ ಗಾಳಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿತು. 2000ದಲ್ಲಿ ಪ್ರಕಟವಾದ ಆ ಅಧ್ಯಯನ, ಅಮೆರಿಕ ಸರ್ಕಾರ ಕ್ರಮ ಕೈಗೊಳ್ಳಲು ಸೂಚಿಸುವ 148 ಬೆಕೆರೆಲ್ ಮಟ್ಟದಲ್ಲಿ 15 ವರ್ಷ ಬದುಕಿದರೆ ಅಪಾಯ ಸುಮಾರು ಶೇ 50ರಷ್ಟು ಹೆಚ್ಚುತ್ತದೆ ಎಂದು ಕಂಡುಕೊಂಡಿತು. ಹೊರಗಿನ ಪಾಲನ್ನು ಕೈಬಿಟ್ಟರೆ ಇಂಥ ಅಧ್ಯಯನದ ಕಸುವೇ ಕುಂದುತ್ತದೆ ಎಂಬುದು 1999ರ ವರದಿಯ ಸ್ಪಷ್ಟ ಮಾತು. ಮನೆಯೊಳಗೆ ಕಡಿಮೆ ರೇಡಾನ್ ಇರುವವರು ಹೊಲದಲ್ಲಿ ಹೆಚ್ಚು ಉಸಿರಾಡಿರಬಹುದು. ಅವರನ್ನು ‘ಅಪಾಯವಿಲ್ಲದವರ’ ಸಾಲಿಗೆ ಸೇರಿಸಿದರೆ ಇಡೀ ಹೋಲಿಕೆ ಮಸುಕಾಗುತ್ತದೆ.

ಎರಡನೆಯ ಉತ್ತರ ಗಣಿಗಾರಿಕೆಗೆ ಸಂಬಂಧಿಸಿದ್ದು. ಯುರೇನಿಯಂ ಅದಿರನ್ನು ಅರೆದು ಸತ್ವ ತೆಗೆದ ಮೇಲೆ ಉಳಿಯುವ ಕೆಸರಿನಲ್ಲಿ ರೇಡಿಯಂ ಹಾಗೇ ಇರುತ್ತದೆ. ಅದರ ಅರ್ಧಾಯುಷ್ಯ 1,600 ವರ್ಷ. ಅಷ್ಟು ಕಾಲವೂ ಆ ರಾಶಿ ರೇಡಾನ್ ಉಸಿರಾಡುತ್ತಲೇ ಇರುತ್ತದೆ. ಜಾರ್ಖಂಡಿನ ಜಾದುಗುಡದಲ್ಲಿ 1960ರ ದಶಕದಿಂದ ಯುರೇನಿಯಂ ತೆಗೆಯಲಾಗುತ್ತಿದೆ. ಅಲ್ಲಿನ ಕೆಸರುಕೊಳಗಳ ಸುತ್ತಲಿನ ಗಾಳಿಯ ಬಗ್ಗೆ ಜನರಿಗೂ ಅಧಿಕಾರಿಗಳಿಗೂ ನಡೆದ ವಾದ ಹಲವು ದಶಕಗಳದ್ದು. ಗಣಿ ತೆರೆಯುವ ಮುಂಚೆ ಊರ ಗಾಳಿ ಹೇಗಿತ್ತು ಎಂಬ ದೀರ್ಘಕಾಲದ ದಾಖಲೆ ಜನರ ಕೈಯಲ್ಲೂ ಇದ್ದರೆ, ಇಂಥ ವಾದ ಊಹೆಯ ಮೇಲೆ ನಡೆಯಬೇಕಾಗಿಲ್ಲ.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯ ಜನರಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ಅಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿ, ಶೋಧ ನಡೆದು, ಗಣಿ ಬೇಡವೆಂಬ ಪ್ರತಿಭಟನೆಗಳೂ ನಡೆದಿವೆ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಪರಿಸರದ ಗಾಮಾ ವಿಕಿರಣ ಮತ್ತು ಮಣ್ಣಿನ ವಿಕಿರಣಶೀಲತೆಯನ್ನು ಅಳೆದು ಪ್ರಕಟಿಸಿದ್ದಾರೆ. ಗಣಿ ಬರಲಿ, ಬಾರದಿರಲಿ, ಸುತ್ತಲಿನ ಹಳ್ಳಿಗಳ ಬಯಲ ಗಾಳಿಯ ರೇಡಾನ್ ಹಲವು ವರ್ಷಗಳ ಕಾಲ ದಾಖಲಾಗಿ, ಆ ಅಂಕಿಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಕಾಣುವಂತಿರಬೇಕು. ನಾಳೆ ಕಂಪನಿ ‘ಮೊದಲಿನಿಂದಲೂ ಇಷ್ಟೇ ಇತ್ತು’ ಎಂದಾಗಲೀ, ಊರವರು ‘ನೀವು ಬಂದ ಮೇಲೆಯೇ ಹೆಚ್ಚಿತು’ ಎಂದಾಗಲೀ ಹೇಳಿದರೆ ಒರೆಗೆ ಹಚ್ಚಲು ಇರುವ ಕಲ್ಲು ಅದೊಂದೇ.

ಉಳಿದ ಕರ್ನಾಟಕಕ್ಕೂ ಅಳೆಯಲು ಕಾರಣಗಳಿವೆ. ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ, ಮೈಸೂರಿನ ಚಾಮುಂಡಿ ಬೆಟ್ಟದ ಗ್ರಾನೈಟ್ ಯುರೇನಿಯಂ, ಥೋರಿಯಂಗಳನ್ನು ತುಸು ಹೆಚ್ಚಾಗಿಯೇ ಹಿಡಿದಿಟ್ಟುಕೊಂಡ ಕಲ್ಲುಗಳು. ರಾಜ್ಯದ ಪೂರ್ವ ಜಿಲ್ಲೆಗಳ ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಮಿತಿ ಮೀರಿರುವುದನ್ನು ಬೆಂಗಳೂರಿನ ವಿಜ್ಞಾನಿಗಳು ತೋರಿಸಿದ್ದಾರೆ. ಬೆಂಗಳೂರಿನದೇ ಕೊಳವೆಬಾವಿಗಳ ನೀರಿನಲ್ಲಿ ಲೀಟರಿಗೆ ನೂರಾರು ಬೆಕೆರೆಲ್ ರೇಡಾನ್ ಸಿಕ್ಕಿದೆ. ಅತ್ತ ಕರಾವಳಿಯ ಉಳ್ಳಾಲದ ಮರಳಿನಲ್ಲಿ ಥೋರಿಯಂ ತುಂಬಿದ ಮೊನಜೈಟ್ ಇದೆ. ಅಲ್ಲಿ ರೇಡಾನಿಗಿಂತ ಥೋರಾನಿನ ಲೆಕ್ಕ ಮುಖ್ಯ, ಅದೂ ನೆಲಕ್ಕೆ ಹತ್ತಿರದಲ್ಲಿ, ಏಕೆಂದರೆ ಅಷ್ಟು ಅಲ್ಪಾಯುಷಿ ಅನಿಲ ಬಹಳ ಮೇಲೇರಲಾರದು.

ಅಳೆದರೆ ಜನ ಹೆದರುತ್ತಾರೆ ಎಂಬ ಮಾತು ಆಡಳಿತದ ಮೊಗಸಾಲೆಗಳಲ್ಲಿ ಕೇಳಿಬರುತ್ತದೆ. ಕೇರಳದ ಅನುಭವ ಬೇರೆಯದನ್ನು ಹೇಳುತ್ತದೆ. ಕರುನಾಗಪಳ್ಳಿಯ ಕರಾವಳಿಯಲ್ಲಿ ಮೊನಜೈಟ್ ಮರಳಿನಿಂದಾಗಿ ನೆಲದ ವಿಕಿರಣ ಸಾಮಾನ್ಯಕ್ಕಿಂತ ಹಲವು ಪಟ್ಟು ಹೆಚ್ಚು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿನ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ, ಆ ಗಾಮಾ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿರುವ ಸುಳಿವು ಕಾಣಲಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ಆ ಊರವರಿಗೆ ಅಷ್ಟು ಸಮಾಧಾನ ದೊರೆತದ್ದು ಮನೆಮನೆಗೆ ಹೋಗಿ ಅಳೆದದ್ದರಿಂದ. ಗಾಮಾದ ಉತ್ತರವನ್ನು ರೇಡಾನಿಗೆ ಹಾಗೇ ಅನ್ವಯಿಸಲಾಗದು. ಅದಕ್ಕೆ ಅದರದೇ ಅಳತೆ ಬೇಕು.

ಸದ್ಯದ ವ್ಯವಸ್ಥೆಯಲ್ಲಿ ಈ ಅಳತೆಗೆ ಜಾಗವೇ ಇಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ, ರೇಡಾನ್ ಅವುಗಳಲ್ಲಿಲ್ಲ. ಭಾಭಾ ಕೇಂದ್ರದ ಪರಿಸರ ವಿಕಿರಣ ನಿಗಾ ಜಾಲ ದೇಶದುದ್ದಕ್ಕೂ ಅಳೆಯುವುದು ಗಾಮಾ ವಿಕಿರಣವನ್ನು. ರೇಡಾನಿನ ಅಂಕಿಗಳು ಪಿಎಚ್‌.ಡಿ. ಪ್ರಬಂಧಗಳಲ್ಲಿ, ಸಂಶೋಧನಾ ಪತ್ರಿಕೆಗಳಲ್ಲಿ ಚದುರಿ ಬಿದ್ದಿವೆ. ಒಂದು ತಾಲ್ಲೂಕಿನಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷ ಅಳೆದ, ಪದವಿ ಬಂತು, ಡಬ್ಬಿಗಳು ಕಪಾಟಿಗೆ ಹೋದವು.

ಬೇಕಾದ ಎಲ್ಲವೂ ರಾಜ್ಯದಲ್ಲೇ ಇದೆ. ಮೈಸೂರಿನಲ್ಲಿ ಅನುಭವವಿದೆ. ಮಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಕಿರಣಶೀಲತೆ ಸಂಶೋಧನಾ ಕೇಂದ್ರದಲ್ಲಿ, ಆಳು ಒಳಗೆ ನಡೆದು ಹೋಗುವಷ್ಟು ದೊಡ್ಡ ಕೋಣೆಯಲ್ಲಿ ರೇಡಾನ್ ತುಂಬಿ ಸಾಧನಗಳನ್ನು ತಾಳೆ ನೋಡುವ ವ್ಯವಸ್ಥೆಯಿದೆ. ಡಬ್ಬಿ ತೂಗುಹಾಕುವ ಜಾಗಗಳೂ ಸಿದ್ಧ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನು, ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. ಬೇಲಿ ಇದೆ, ಕಂಬ ಇದೆ, ಪಕ್ಕದಲ್ಲೇ ಮಳೆ, ಗಾಳಿ, ಉಷ್ಣಾಂಶದ ದಾಖಲೆಯೂ ಇದೆ. ಅದೇ ಕಂಬಕ್ಕೆ ಎಲ್ಲ ಕಡೆ ಒಂದೇ ಎತ್ತರದಲ್ಲಿ, ಮೇಲೊಂದು ಮುಚ್ಚಿಗೆ ಕಟ್ಟಿ ಡಬ್ಬಿ ತೂಗುಹಾಕಿ, ಮೂರು ತಿಂಗಳಿಗೊಮ್ಮೆ ಹಾಳೆ ಬದಲಿಸಿದರೆ ನಾಲ್ಕು ಬದಲಾವಣೆಗಳಲ್ಲಿ ಒಂದು ವರ್ಷ ಮುಗಿಯುತ್ತದೆ. ಹಾಳೆ ಎಣಿಸುವ ಕೆಲಸವನ್ನು ಜಿಲ್ಲೆಯ ಪದವಿ ಕಾಲೇಜುಗಳ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಕಲಿಸಬಹುದು.

ಒಮ್ಮೆಗೇ ಇಡೀ ರಾಜ್ಯ ಎನ್ನಬೇಕಿಲ್ಲ. ಮೊದಲ ವರ್ಷಕ್ಕೆ ಗೋಗಿಯ ಸುತ್ತಲಿನ ಹಳ್ಳಿಗಳು, ರಾಮನಗರದ ಕಲ್ಲುಸೀಮೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಯುರೇನಿಯಂ ನೀರಿನ ಊರುಗಳು, ಉಳ್ಳಾಲದ ತೀರ, ಹೋಲಿಕೆಗೆ ಮಲೆನಾಡಿನ ಒಂದೆರಡು ಹೋಬಳಿ ಸಾಕು. ಆಯಾ ಊರಿನಲ್ಲಿ ಹೊರಗೆ ಒಂದು ಡಬ್ಬಿ, ಹತ್ತಿರದ ನಾಲ್ಕಾರು ಮನೆಗಳ ಒಳಗೆ ಒಂದೊಂದು. ಕುರಿಗಾಹಿಗಳು ಮಂದೆ ನಿಲ್ಲಿಸುವ ಹೊಲಗಳಲ್ಲಿ ಕೆಲವನ್ನು ಮಲಗಿದವರ ಮೂಗಿನ ಎತ್ತರಕ್ಕೇ ಇಡಬೇಕು. ಚಳಿಗಾಲದ ನಸುಕು ತಪ್ಪಿಹೋಗದಂತೆ ಮೊದಲ ಹಾಳೆಯನ್ನು ನವೆಂಬರಿನಲ್ಲೇ ತೂಗುಹಾಕಿದರೆ, ಮುಂದಿನ ವರ್ಷದ ಕೊನೆಯ ಹೊತ್ತಿಗೆ ಆ ಊರುಗಳ ಜನರ ಕೈಗೆ ತಮ್ಮ ಗಾಳಿಯ ಒಂದು ಪೂರ್ಣ ವರ್ಷದ ಲೆಕ್ಕ ಸಿಗುತ್ತದೆ.